ತಿರುಗುವ ಸದ್ದಿಗೂ ಒಂದು ತೂಕ

(ಗಿಟಾರ್ ನುಡಿಸುವ ಗೆಳೆಯರ ಮುಂದೆ ರೋಟರಿ ಪೆಡಲ್, ಅಂದರೆ ಗಿಟಾರಿನ ಸದ್ದು ಸುತ್ತ ತಿರುಗಿದ ಹಾಗೆ ಕೇಳಿಸುವಂತೆ ಮಾಡುವ, ಕಾಲಲ್ಲಿ ತುಳಿಯುವ ಸಣ್ಣ ಪೆಟ್ಟಿಗೆಯ ಬಗ್ಗೆ ಆಡಿದ ಮಾತುಗಳ ಬರಹ ರೂಪ ಇದು. ನುಡಿಸಿ ತೋರಿಸಿದ ಕಡೆಗಳಲ್ಲಿ ಏನು ಕೇಳಿಸಿತು ಎಂಬುದನ್ನು ಬರೆದು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಗಿಟಾರ್ ಎತ್ತಿಕೊಳ್ಳುವ ಮುಂಚೆ ಒಂದು ಸಣ್ಣ ಕೆಲಸ ಇದೆ. ಬಾಗಿಲ ಹತ್ತಿರ ಕೂತಿರುವವರು ದಯವಿಟ್ಟು ಈ ಫ್ಯಾನ್ ಆಫ್ ಮಾಡಿ. ಎಲ್ಲರೂ ಮೇಲೆ ನೋಡಿ. ಸ್ವಿಚ್ ಆರಿತು, ಫ್ಯಾನ್ ಇನ್ನೂ ತಿರುಗುತ್ತಲೇ ಇದೆ. ಈಗ ರೆಕ್ಕೆಗಳು ಬೇರೆಬೇರೆಯಾಗಿ ಕಾಣಿಸುತ್ತಿವೆ. ಈಗ ಎಣಿಸಬಹುದು. ಹಾಂ, ಈಗ ನಿಂತಿತು. ಮತ್ತೆ ಆನ್ ಮಾಡಿ. ಪೂರ್ತಿ ವೇಗಕ್ಕೆ ಬರುವುದಕ್ಕೂ ಅದಕ್ಕೆ ಒಂದಷ್ಟು ಹೊತ್ತು ಬೇಕಾಯಿತು, ಅಲ್ವಾ?

ಇವತ್ತಿನ ನನ್ನ ಮಾತೆಲ್ಲ ಈ ಹೊತ್ತಿನ ಬಗ್ಗೆಯೇ. ರೋಟರಿ ಪೆಡಲ್ ಎಂಬುದು ನಿಜವಾಗಿ ತಿರುಗುತ್ತಿದ್ದ ಒಂದು ಯಂತ್ರದ ನಕಲು. ಆ ಯಂತ್ರಕ್ಕೆ ತೂಕ ಇತ್ತು. ಬಹಳ ಜನ ಪೆಡಲ್ ತರುತ್ತಾರೆ, ವೇಗದ ನಾಬ್ ತಿರುಗಿಸುತ್ತಾರೆ, "ಕೋರಸ್ ಥರಾನೇ ಇದೆಯಲ್ಲ" ಎಂದು ಎತ್ತಿಡುತ್ತಾರೆ. (ಕೋರಸ್ ಎಂದರೆ ಒಂದೇ ಗಿಟಾರನ್ನು ಎರಡು ಮೂರು ಗಿಟಾರಿನ ಹಾಗೆ ಕೇಳಿಸುವ ಇನ್ನೊಂದು ಪೆಡಲ್.) ಅದರ ತೂಕ ಅವರ ಕಿವಿಗೆ ಬಿದ್ದಿರುವುದಿಲ್ಲ. ಒಂದು ವೇಗದಿಂದ ಇನ್ನೊಂದಕ್ಕೆ ಹೋಗುವ ಆ ನಾಲ್ಕೈದು ಸೆಕೆಂಡುಗಳಲ್ಲೇ ಈ ಪೆಡಲಿನ ಜೀವ ಇರುವುದು.

ಮೊದಲು ಯಂತ್ರದ ಕಥೆ ಹೇಳುತ್ತೇನೆ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ ಡಾನ್ ಲೆಸ್ಲಿ ಎಂಬುವರಿದ್ದರು. 1911ರಲ್ಲಿ ಹುಟ್ಟಿದವರು, ರೇಡಿಯೋ ರಿಪೇರಿ ಬಲ್ಲವರು. 1937ರಲ್ಲಿ ಹ್ಯಾಮಂಡ್ ಕಂಪನಿಯ ಒಂದು ವಿದ್ಯುತ್ ಆರ್ಗನ್ ಕೊಂಡರು. ಅಂಗಡಿಯ ದೊಡ್ಡ ಹಾಲಿನಲ್ಲಿ ಅದರ ಸದ್ದು ತುಂಬಿ ತುಳುಕುತ್ತಿತ್ತು. ಮನೆಗೆ ತಂದರೆ ಸಪ್ಪೆ. ಚರ್ಚುಗಳ ಪೈಪ್ ಆರ್ಗನ್‌ನಲ್ಲಿ ಒಂದೊಂದು ಸ್ವರ ಒಂದೊಂದು ಕೊಳವೆಯಿಂದ, ಅಂದರೆ ಒಂದೊಂದು ಜಾಗದಿಂದ ಬರುತ್ತದೆ. ಇಲ್ಲಿ ಎಲ್ಲ ಸ್ವರವೂ ಒಂದೇ ಸ್ಪೀಕರಿನಿಂದ ಬಂದು ಎದುರಿಗೆ ಬೀಳುತ್ತಿತ್ತು. ಹಾಗಾದರೆ ಸದ್ದನ್ನೇ ಓಡಾಡಿಸೋಣ ಎಂದು ಲೆಸ್ಲಿ ಹೊರಟರು. ಹಲವು ಥರ ಕಟ್ಟಿ ನೋಡಿ, ಕೊನೆಗೆ ಸದ್ದು ಸುತ್ತಲೂ ತಿರುಗುವ ಒಂದು ಮರದ ಪೆಟ್ಟಿಗೆ ಮಾಡಿದರು. ಆ ಪೆಟ್ಟಿಗೆಯನ್ನೂ ಲೆಸ್ಲಿ ಎಂದೇ ಕರೆಯುತ್ತಾರೆ.

ಹ್ಯಾಮಂಡ್ ಕಂಪನಿಗೆ ತೋರಿಸಿದರೆ ಅವರು ಬೇಡ ಎಂದರು. ಲೆಸ್ಲಿ 1940ರ ದಶಕದ ಶುರುವಿನಲ್ಲಿ ತಾವೇ ಮಾಡಿ ಮಾರತೊಡಗಿದರು. ತಮ್ಮ ಡೀಲರುಗಳು ಈ ಪೆಟ್ಟಿಗೆಯನ್ನು ಮಾರುವುದು ಹ್ಯಾಮಂಡ್‌ಗೆ ಸ್ವಲ್ಪವೂ ಇಷ್ಟವಿರಲಿಲ್ಲ. ಆದರೂ ಆರ್ಗನ್ ನುಡಿಸುವವರು ಇದನ್ನು ಬಿಡಲಿಲ್ಲ. 1965ರಲ್ಲಿ ಲೆಸ್ಲಿ ತಮ್ಮ ಕಂಪನಿಯನ್ನು ಅಮೆರಿಕದ ಪ್ರಸಾರ ಕಂಪನಿ ಸಿಬಿಎಸ್‌ಗೆ ಮಾರಿದರು. 1980ರಲ್ಲಿ ಅದನ್ನು ಕೊಂಡವರು ಯಾರು ಗೊತ್ತಾ? ಹ್ಯಾಮಂಡ್ ಕಂಪನಿಯೇ. ಒಂದು ಕಾಲದಲ್ಲಿ ಬೇಡ ಎಂದಿದ್ದನ್ನು ನಲವತ್ತು ವರ್ಷ ಆದ ಮೇಲೆ ದುಡ್ಡು ಕೊಟ್ಟು ತಂದುಕೊಂಡರು.

ಈಗ ಪೆಟ್ಟಿಗೆಯ ಒಳಗೆ ನೋಡೋಣ. ಎಲ್ಲರೂ ನಕಲು ಮಾಡುವುದು 122 ಎಂಬ ಮಾದರಿಯನ್ನು. ಅದರೊಳಗೆ 40 ವ್ಯಾಟಿನ ವಾಲ್ವ್ ಆಂಪ್ಲಿಫೈಯರ್ ಇದೆ. ಆಂಪ್ಲಿಫೈಯರಿನಿಂದ ಬಂದ ಸದ್ದು 800 ಹರ್ಟ್ಸ್, ಅಂದರೆ ಸೆಕೆಂಡಿಗೆ 800 ಕಂಪನದ ಹತ್ತಿರ ಎರಡು ಪಾಲಾಗುತ್ತದೆ. ಮೇಲಿನ ಪಾಲು ಒಂದು ಹಾರ್ನಿಗೆ ಹೋಗುತ್ತದೆ. ಜಾತ್ರೆಯ ಮೈಕ್‌ಸೆಟ್ ಹಾರ್ನ್ ಇದೆಯಲ್ಲ, ಅದರ ಸಣ್ಣ ತಮ್ಮ ಎನ್ನಿ. ಹಾರ್ನಿಗೆ ಎರಡು ಬಾಯಿ ಕಾಣುತ್ತವೆ, ಸದ್ದು ಬರುವುದು ಒಂದರಿಂದ ಮಾತ್ರ. ಇನ್ನೊಂದು ಇರುವುದು ತಿರುಗುವಾಗ ತೂಕ ಸಮ ಇರಲಿ ಎಂದು. ಕೆಳಗಿನ ಪಾಲು 15 ಇಂಚಿನ ಸ್ಪೀಕರಿಗೆ ಹೋಗುತ್ತದೆ. ಆ ಸ್ಪೀಕರ್ ಅಲ್ಲಾಡುವುದಿಲ್ಲ, ನೆಲದ ಕಡೆ ಮುಖ ಮಾಡಿ ಕೂತಿರುತ್ತದೆ. ಅದರ ಬಾಯಿಗೆ ಎದುರಾಗಿ ಒಂದು ಡ್ರಮ್ ತಿರುಗುತ್ತಾ, ಸದ್ದನ್ನು ಸುತ್ತ ಎಲ್ಲ ಕಡೆಗೂ ಎರಚುತ್ತದೆ. ಬಾರಿಸುವ ಡ್ರಮ್ ಅಲ್ಲ, ಒಂದು ಕಡೆ ತೆರೆದ ಪೀಪಾಯಿಯ ಹಾಗಿರುತ್ತದೆ. ಹಾರ್ನ್ ಒಂದು ದಿಕ್ಕಿಗೆ ತಿರುಗಿದರೆ ಡ್ರಮ್ ಇನ್ನೊಂದು ದಿಕ್ಕಿಗೆ.

ನಿಧಾನದ ವೇಗದಲ್ಲಿ ಎರಡೂ ನಿಮಿಷಕ್ಕೆ ಹೆಚ್ಚುಕಡಿಮೆ 40 ಸುತ್ತು ಹೊಡೆಯುತ್ತವೆ. ಜೋರಿನಲ್ಲಿ ಹಾರ್ನ್ 400ರ ಹತ್ತಿರ, ಡ್ರಮ್ ಸುಮಾರು 340. ಹಾರ್ನ್ ಹಗುರ. ಒಂದು ಸೆಕೆಂಡಿನೊಳಗೆ ಓಟ ಹಿಡಿಯುತ್ತದೆ. ಡ್ರಮ್ಮಿಗೆ ತೂಕ ಜಾಸ್ತಿ, ನಾಲ್ಕೈದು ಸೆಕೆಂಡು ಬೇಕು. ನಿಲ್ಲುವಾಗಲೂ ಹಾಗೇ. ಹಾರ್ನ್ ಸುಮ್ಮನಾಗಿರುತ್ತದೆ, ಡ್ರಮ್ ಇನ್ನೂ ತಿರುಗುತ್ತಿರುತ್ತದೆ. ಈಗ ನಾವು ನೋಡಿದ ಸೀಲಿಂಗ್ ಫ್ಯಾನ್ ಥರ. ನನಗೆ ಲೆಸ್ಲಿಯಲ್ಲಿ ತುಂಬಾ ಇಷ್ಟವಾಗುವುದು ಇದೇ. ಒಂದೇ ಸ್ವರದ ಮೇಲುಭಾಗ ಓಡುತ್ತಿರುತ್ತದೆ, ಕೆಳಭಾಗ ಇನ್ನೂ ಎದ್ದು ನಿಲ್ಲುತ್ತಿರುತ್ತದೆ.

ಸದ್ದು ತಿರುಗಿದರೆ ಕಿವಿಗೆ ಏನಾಗುತ್ತದೆ? ಚುನಾವಣೆ ಹೊತ್ತಿನಲ್ಲಿ ಮೈಕ್ ಕಟ್ಟಿಕೊಂಡ ಆಟೋ ಬೀದಿಯಲ್ಲಿ ಬರುವುದನ್ನು ನೆನೆಸಿಕೊಳ್ಳಿ. ಹತ್ತಿರ ಬರುವಾಗ ದನಿ ಒಂದು ಚೂರು ಏರಿರುತ್ತದೆ, ನಮ್ಮನ್ನು ದಾಟಿದ ಕೂಡಲೇ ಇಳಿಯುತ್ತದೆ. ಇದಕ್ಕೆ ಡಾಪ್ಲರ್ ಪರಿಣಾಮ ಎಂದು ಹೆಸರು. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಹೇಳಿದ್ದು. 1845ರಲ್ಲಿ ಹಾಲೆಂಡಿನ ಉಟ್ರೆಕ್ಟ್ ಬಳಿ ಬಾಯ್ಸ್ ಬ್ಯಾಲಟ್ ಎಂಬ ವಿಜ್ಞಾನಿ ತುತ್ತೂರಿ ಊದುವವರನ್ನು ರೈಲಿನ ಮೇಲೆ ಹತ್ತಿಸಿ ಇದನ್ನು ಪರೀಕ್ಷೆ ಮಾಡಿ ನೋಡಿದರು.

ಒಂದು ಸಣ್ಣ ಲೆಕ್ಕ ಹಾಕೋಣ. ಹಾರ್ನಿನ ಬಾಯಿ ನಡುವಿನಿಂದ 20 ಸೆಂಟಿಮೀಟರ್ ದೂರ ಇದೆ ಎಂದುಕೊಳ್ಳಿ. ನಿಮಿಷಕ್ಕೆ 400 ಸುತ್ತು ಹೊಡೆದರೆ ಆ ಬಾಯಿಯ ವೇಗ ಸೆಕೆಂಡಿಗೆ 8 ಮೀಟರಿಗಿಂತ ಸ್ವಲ್ಪ ಜಾಸ್ತಿ, ಅಂದರೆ ಗಂಟೆಗೆ 30 ಕಿಲೋಮೀಟರ್. ಅದೇ ಆಟೋದ ವೇಗ! ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಹಾಗಾಗಿ ಸ್ವರ ಎರಡೂವರೆ ಪರ್ಸೆಂಟಿನಷ್ಟು ಮೇಲಕ್ಕೂ ಕೆಳಕ್ಕೂ ಜಗ್ಗುತ್ತದೆ. ಗಿಟಾರಿನಲ್ಲಿ ಒಂದು ಫ್ರೆಟ್ಟಿನಿಂದ ಪಕ್ಕದ ಫ್ರೆಟ್ಟಿಗೆ ಇರುವ ಅಂತರ ಸುಮಾರು 6 ಪರ್ಸೆಂಟ್. ಅದರ ಅರ್ಧಕ್ಕಿಂತ ಕಡಿಮೆ ಆಯಿತು. ಆದರೂ ಸೆಕೆಂಡಿಗೆ ಆರೇಳು ಸಲ ಹೀಗೆ ಜಗ್ಗಿದರೆ ಚೆನ್ನಾಗಿಯೇ ಗೊತ್ತಾಗುತ್ತದೆ. ನಿಧಾನದಲ್ಲಿ ಆ ಬಾಯಿ ನಾವು ನಡೆಯುವಷ್ಟು ವೇಗದಲ್ಲೂ ಹೋಗುವುದಿಲ್ಲ. ಅಲ್ಲಿ ಸ್ವರ ಜಗ್ಗುವುದು ಕೇಳಿಸುವುದೇ ಇಲ್ಲ ಎನ್ನಬಹುದು. ಕೇಳಿಸುವುದು ಗೋಡೆಗಳಿಗೆ ಬಡಿದು ಬೇರೆಬೇರೆ ಹೊತ್ತಿಗೆ ಬರುವ ಸದ್ದುಗಳು ಬೆರೆತಾಗ ಹುಟ್ಟುವ ಮಿನುಗು. ತಂಬೂರಿಯ ಜವಾರಿ, ಅಂದರೆ ತಂತಿಗೆ ಝೇಂಕಾರ ಕೊಡುವ ಹೊಂದಾಣಿಕೆ, ಸರಿಯಾಗಿ ಕೂತಾಗ ನಾದ ಒಳಗೊಳಗೇ ತಿರುಗಿದ ಹಾಗೆ ಅನ್ನಿಸುತ್ತದಲ್ಲ, ನನಗೆ ನಿಧಾನದ ಲೆಸ್ಲಿ ಅದರ ನೆಂಟನ ಹಾಗೆ ಕೇಳಿಸುತ್ತದೆ. ಹಾಗಾಗಿ ನಿಧಾನ, ಜೋರು ಎಂದರೆ ಒಂದೇ ಪರಿಣಾಮದ ಎರಡು ವೇಗ ಎಂದುಕೊಳ್ಳಬೇಡಿ. ಕಿವಿಗೆ ಅವು ಎರಡು ಬೇರೆ ಸಂಗತಿಗಳು.

ಗಿಟಾರಿಗೆ ಇದು ಹೇಗೆ ಬಂತು? 1966ರ ಏಪ್ರಿಲ್‌ನಲ್ಲಿ ಲಂಡನ್ನಿನ ಅಬೇ ರೋಡ್ ಸ್ಟುಡಿಯೋದಲ್ಲಿ ಬೀಟಲ್ಸ್ ತಂಡದ ಜಾನ್ ಲೆನನ್ ಹಾಡಿದ ದನಿಯನ್ನು ಇಂಜಿನಿಯರ್ ಜೆಫ್ ಎಮೆರಿಕ್ ಲೆಸ್ಲಿ ಪೆಟ್ಟಿಗೆಯಿಂದ ಹಾಯಿಸಿದರು. ಮುಂದೆ ಜಾರ್ಜ್ ಹ್ಯಾರಿಸನ್ ಗಿಟಾರನ್ನೂ ಹಾಗೆ ನುಡಿಸಿದರು. ಗಿಟಾರ್ ಮಾಡುವ ಫೆಂಡರ್ ಕಂಪನಿಯೂ ಆಗ ಸಿಬಿಎಸ್ ಕೈಯಲ್ಲೇ ಇತ್ತು. 1967ರಲ್ಲಿ ಗಿಟಾರಿಗೆಂದೇ ಫೆಂಡರ್ ವೈಬ್ರಟೋನ್ ಬಂತು. ಅದರಲ್ಲಿ ಹಾರ್ನ್ ಇಲ್ಲ. 10 ಇಂಚಿನ ಒಂದೇ ಸ್ಪೀಕರ್, ಅದರ ಎದುರು ತಿರುಗುವ ಒಂದು ಹಗುರ ಡ್ರಮ್. ಗಿಟಾರ್ ವಾದಕ ಸ್ಟೀವಿ ರೇ ವಾನ್ ನುಡಿಸಿದ್ದು ಇದರಲ್ಲೇ. ಜಪಾನಿನ ಯೂನಿ-ವೈಬ್ ಎಂಬ ಪೆಡಲ್ ಕೂಡ ಆ ಕಾಲದ್ದೇ. ಮಿಣುಕುವ ಒಂದು ಸಣ್ಣ ಬಲ್ಬು, ಅದರ ಸುತ್ತ ಬೆಳಕು ಹಿಡಿಯುವ ನಾಲ್ಕು ಸೆಲ್. 1969ರಲ್ಲಿ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಅದನ್ನು ತುಳಿದರು. ಯೂನಿ-ವೈಬ್ ಸದ್ದು ನನಗೂ ಬಹಳ ಇಷ್ಟ. ಆದರೆ ಅದರಲ್ಲಿ ಎರಡು ತೂಕಗಳಿಲ್ಲ. ರೋಟರಿ ಬೇಕು ಎಂದು ಹೋಗಿ ಅದನ್ನು ತಂದುಕೊಳ್ಳಬೇಡಿ.

ಲೆಸ್ಲಿ 122ರ ತೂಕ 60 ಕಿಲೋ ದಾಟುತ್ತದೆ. ಮಹಡಿ ಹತ್ತಿಸಬೇಕಾದರೆ ಒಬ್ಬರ ಕೈಲಿ ಆಗುವ ಕೆಲಸವಲ್ಲ. ಅದಕ್ಕೇ ಪೆಡಲ್‌ಗಳು ಬಂದವು. ಬಾಸ್ ಆರ್‌ಟಿ-20, ನಿಯೋ ವೆಂಟಿಲೇಟರ್, ಸ್ಟ್ರೈಮನ್ ಲೆಕ್ಸ್, ಇಲೆಕ್ಟ್ರೋ-ಹಾರ್ಮೋನಿಕ್ಸ್ ಲೆಸ್ಟರ್ ಜಿ, ಹೀಗೆ. ಯಾವುದು ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ನಾಬ್‌ಗಳ ಹೆಸರು ಬೇರೆ ಇರಬಹುದು, ಕೆಲಸ ಹೆಚ್ಚುಕಡಿಮೆ ಒಂದೇ.

ಬನ್ನಿ, ಈಗ ಪೆಡಲ್ ಕೂರಿಸೋಣ. ಎಲ್ಲ ನಾಬ್‌ಗಳೂ ನಡುವಿನಲ್ಲಿರಲಿ. ಸದ್ದಿಗೆ ಕೆರೆತ ಸೇರಿಸುವ ಡ್ರೈವ್ ಮಾತ್ರ ಸೊನ್ನೆಗೆ. ಗಿಟಾರಿನ ನೇರ ಸದ್ದನ್ನು ಬೆರೆಸುವ ನಾಬ್ ಇದ್ದರೆ ಅದನ್ನೂ ಪೂರ್ತಿ ಇಳಿಸಿ. ನಿಜವಾದ ಪೆಟ್ಟಿಗೆಯಲ್ಲಿ ತಿರುಗದೆ ಹೊರಗೆ ಬರುವ ಸದ್ದು ಇರಲಿಲ್ಲ. ನೇರ ಸದ್ದು ಬೆರೆತರೆ ಅದು ಕೋರಸ್ ಕಡೆಗೆ ಜಾರುತ್ತದೆ. "ಕೋರಸ್ ಥರಾನೇ ಇದೆ" ಎನ್ನುವವರ ಪೆಡಲಿನಲ್ಲಿ ಅರ್ಧ ಸಲ ತಪ್ಪು ಇರುವುದು ಇಲ್ಲೇ.

ಎಲ್ಲರೂ ಮೊದಲು ವೇಗದ ನಾಬಿಗೆ ಕೈ ಹಾಕುತ್ತಾರೆ. ನೀವು ಮೊದಲು ವೇಗ ಏರುವ, ಇಳಿಯುವ ಹೊತ್ತನ್ನು ಕೂರಿಸಿ. ಪೆಡಲ್‌ಗಳಲ್ಲಿ ಇದಕ್ಕೆ ರೈಸ್, ಫಾಲ್, ರ‍್ಯಾಂಪ್, ಆಕ್ಸಿಲರೇಷನ್ ಎಂದೆಲ್ಲ ಹೆಸರಿದೆ. ಒಂದು ಇ ಕಾರ್ಡ್ (ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದು) ಹೊಡೆದು, ಅದು ಮೊಳಗುತ್ತಿರುವಾಗಲೇ ವೇಗದ ಸ್ವಿಚ್ ತುಳಿಯಿರಿ. ಕೇಳಿ. (ಇಲ್ಲಿ ನುಡಿಸಿದೆ. ಮೊದಲ ಸಲ ನಾಬನ್ನು ತೀರಾ ಕಡಿಮೆ ಇಟ್ಟು ತುಳಿದೆ. ಸದ್ದು ಪಟ್ಟನೆ ನಡುಗತೊಡಗಿತು. ಎರಡನೇ ಸಲ ಹೊತ್ತು ಜಾಸ್ತಿ ಮಾಡಿದೆ. ಮೊದಲು ಮೇಲಿನ ತಂತಿಗಳ ಹೊಳಪು ಓಡಿತು, ಆಮೇಲೆ ಕೆಳಗಿನ ಗುಂಯ್‌ಗುಟ್ಟುವಿಕೆ ಅದರ ಹಿಂದೆಯೇ ಬಂದು ಸೇರಿತು. ಕೂತವರಲ್ಲಿ ಒಂದಿಬ್ಬರು ತಲೆ ಎತ್ತಿ ಫ್ಯಾನ್ ನೋಡಿದರು.) ಹಾರ್ನಿಗೆ ಒಂದು ಸೆಕೆಂಡು, ಡ್ರಮ್ಮಿಗೆ ನಾಲ್ಕರಿಂದ ಐದು. ಎರಡಕ್ಕೂ ಸೇರಿ ಒಂದೇ ನಾಬ್ ಇದ್ದರೆ ಕಿವಿಯನ್ನು ಕೆಳಗಿನ ಸ್ವರಗಳ ಮೇಲೆ ಇಟ್ಟು ತಿರುಗಿಸಿ. ಇಳಿಯುವ ಹೊತ್ತಿಗೆ ಬೇರೆ ನಾಬ್ ಇದ್ದರೆ ಏರುವುದಕ್ಕಿಂತ ಸ್ವಲ್ಪ ಜಾಸ್ತಿಯೇ ಇಡಿ. ಅದು ನನ್ನ ಕಿವಿಯ ಮಾತು.

ಇದಾದ ಮೇಲೆ ವೇಗ. ನಿಧಾನಕ್ಕೆ ಒಂದೂವರೆ ಸೆಕೆಂಡಿಗೆ ಒಂದು ಸುತ್ತು. ಗಡಿಯಾರ ನೋಡಿಕೊಂಡು ಒಂದು ಸಲ ಕೂರಿಸಿಬಿಡಿ. ಜೋರಿಗೆ ಸೆಕೆಂಡಿಗೆ ಆರೂವರೆ ಸುತ್ತು ಎಂಬುದು ಮೂಲದ ಲೆಕ್ಕ. ಗಿಟಾರಿಗೆ ನಾನು ಆರರ ಒಳಗೇ ನಿಲ್ಲಿಸುತ್ತೇನೆ. ಆರ್ಗನ್ ಸ್ವರ ಒತ್ತಿ ಹಿಡಿದಷ್ಟು ಹೊತ್ತೂ ಹಾಗೇ ಇರುತ್ತದೆ. ಗಿಟಾರ್ ಸ್ವರ ಮೀಟಿದ ಕೂಡಲೇ ಕರಗತೊಡಗುತ್ತದೆ. ಕರಗುವ ಸ್ವರಕ್ಕೆ ಅಷ್ಟು ಜೋರಿನ ನಡುಕ ಕೊಟ್ಟರೆ ಮೀಟಿದ್ದೇ ಮರೆತುಹೋಗುತ್ತದೆ. ಇನ್ನೊಂದು ಮಾತು. ಜೋರಿನ ವೇಗವನ್ನು ಹಾಡಿನ ತಾಳಕ್ಕೆ ಕೂಡಿಸುವುದಕ್ಕೆ ಹೋಗಬೇಡಿ. ಆ ಮೋಟರಿಗೆ ತಾಳ ಗೊತ್ತಿರಲಿಲ್ಲ. ಅದು ತಾಳದ ಮೇಲೆ ತನ್ನ ಪಾಡಿಗೆ ತೇಲಿಕೊಂಡು ಹೋಗುವುದೇ ಚೆಂದ.

ಹಾರ್ನ್ ಮತ್ತು ಡ್ರಮ್ ನಡುವಿನ ಬ್ಯಾಲೆನ್ಸ್ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ಪೆಟ್ಟಿಗೆಯೊಳಗೆ ಸದ್ದು 800 ಹರ್ಟ್ಸ್‌ನಲ್ಲಿ ಎರಡು ಪಾಲಾಗುತ್ತದೆ ಎಂದೆ. ಗಿಟಾರಿನ ದಪ್ಪ ತಂತಿಯ ಖಾಲಿ ಸ್ವರ 82 ಹರ್ಟ್ಸ್. ಸಣ್ಣ ತಂತಿಯ 12ನೇ ಫ್ರೆಟ್ 659. 15ನೇ ಫ್ರೆಟ್ಟಿಗೆ ಹೋದರೂ 784. ಅಂದರೆ ನಾವು ದಿನವೂ ನುಡಿಸುವ ಸ್ವರಗಳ ಮೂಲನಾದ ಹೆಚ್ಚುಕಡಿಮೆ ಎಲ್ಲ ಡ್ರಮ್ಮಿಗೇ ಹೋಗುತ್ತದೆ. ಹಾರ್ನಿಗೆ ಸಿಗುವುದು ಸ್ವರದ ಮೇಲಿನ ಹೊಳಪು ಮಾತ್ರ. ಗಿಟಾರಿನ ಟೋನ್ ನಾಬ್ ಪೂರ್ತಿ ಇಳಿಸಿ ನುಡಿಸಿದರೆ ಹಾರ್ನಿಗೆ ಕೆಲಸವೇ ಇರುವುದಿಲ್ಲ. ಆಗ ಪೆಡಲ್ ಮಂಕಾಗಿದೆ ಎಂದು ದೂರುತ್ತೇವೆ. ಅದಕ್ಕೇ ಎರಡು ಕೆಲಸ ಮಾಡಿ. ಟೋನ್ ತೆರೆದಿಡಿ, ಬ್ಯಾಲೆನ್ಸನ್ನು ಹಾರ್ನ್ ಕಡೆ ಸ್ವಲ್ಪ ವಾಲಿಸಿ. ತಂಡದಲ್ಲಿ ಬೇಸ್ ಗಿಟಾರ್ ಇದ್ದರೆ ಇನ್ನೂ ಸ್ವಲ್ಪ ವಾಲಿಸಿ. ಬೇಸ್ ಗಟ್ಟಿಯಾಗಿ ನಿಂತಿರುವ ಜಾಗದಲ್ಲಿ ನಮ್ಮ ಡ್ರಮ್ ಓಲಾಡಿದರೆ ಇಡೀ ಹಾಡಿನ ಬುಡ ಅಲ್ಲಾಡುತ್ತದೆ.

ಪೆಟ್ಟಿಗೆಯಿಂದ ಮೈಕ್ ಎಷ್ಟು ದೂರ ಇದೆ ಎಂಬುದನ್ನು ನಕಲು ಮಾಡುವ ನಾಬ್ ಸರಳ. ಹತ್ತಿರ ಇಟ್ಟರೆ ಸದ್ದು ಬಂದು ಹೋಗುವುದು ಎದ್ದು ಕಾಣುತ್ತದೆ, ದೂರ ಇಟ್ಟರೆ ಎಲ್ಲ ಬೆರೆತು ಮೆತ್ತಗಾಗುತ್ತದೆ. ಇನ್ನು ಡ್ರೈವ್. ಆ 40 ವ್ಯಾಟಿನ ವಾಲ್ವ್ ಆಂಪ್ ಜೋರು ಮಾಡಿದಾಗ ಸ್ವಲ್ಪ ಕೆರೆಯುತ್ತಿತ್ತು. ಆ ಕೆರೆತ ಉಪ್ಪಿನಷ್ಟಿದ್ದರೆ ಸಾಕು. ಕೊನೆಗೆ, ಪೆಡಲ್ ಆನ್ ಇದ್ದಾಗ ಮತ್ತು ಇಲ್ಲದಿದ್ದಾಗ ಸದ್ದಿನ ಮಟ್ಟ ಒಂದೇ ಇದೆಯಾ ಎಂದು ನೋಡಿಕೊಳ್ಳಿ.

ಪೆಡಲ್‌ಗಳ ಸಾಲಿನಲ್ಲಿ ಇದಕ್ಕೆ ಎಲ್ಲಿ ಜಾಗ? ಓವರ್‌ಡ್ರೈವ್, ಫಜ್ ಹೀಗೆ ಸದ್ದನ್ನು ಕೆರೆಯುವ ಪೆಡಲ್‌ಗಳ ನಂತರ, ಕೋಣೆಯ ಮೊಳಗು ಸೇರಿಸುವ ರಿವರ್ಬ್‌ಗಿಂತ ಮುಂಚೆ. ಪೆಟ್ಟಿಗೆಯನ್ನೇ ನೆನೆಸಿಕೊಂಡರೆ ಕಾರಣ ತಾನಾಗಿ ಹೊಳೆಯುತ್ತದೆ. ಆಂಪ್ ಮೊದಲು ಕೆರೆಯುತ್ತದೆ, ಕೆರೆದ ಸದ್ದು ತಿರುಗುತ್ತದೆ, ತಿರುಗಿದ ಸದ್ದು ಕೋಣೆಯಲ್ಲಿ ಮೊಳಗುತ್ತದೆ. ಓವರ್‌ಡ್ರೈವನ್ನು ರೋಟರಿಯ ನಂತರ ಇಟ್ಟರೆ ಅದು ಏರಿಳಿತವನ್ನೆಲ್ಲ ಚಪ್ಪಟೆ ಮಾಡಿಬಿಡುತ್ತದೆ. ಡಿಲೇಯನ್ನು ಮಾತ್ರ ಎರಡೂ ಕಡೆ ಇಟ್ಟು ನೋಡಿ. ಡಿಲೇ ಮುಂಚೆ ಇದ್ದರೆ ಮರುದನಿಗಳೂ ತಿರುಗುತ್ತವೆ. ನಿಧಾನದ ಹಾಡುಗಳಿಗೆ ಅದು ಬಹಳ ಒಪ್ಪುತ್ತದೆ.

ಕರೆಂಟಿನ ವಿಷಯ ಹೇಳಲೇಬೇಕು. ಈ ಪೆಡಲ್‌ಗಳಲ್ಲಿ ಬಹಳಷ್ಟು ಡಿಜಿಟಲ್, ಜಾಸ್ತಿ ಕರೆಂಟ್ ಬೇಡುತ್ತವೆ. ಲೆಕ್ಸ್‌ಗೆ 9 ವೋಲ್ಟ್, 250 ಮಿಲಿಆಂಪ್ ಬೇಕು. ನಮ್ಮ ಬೋರ್ಡ್‌ಗಳ ಪವರ್ ಸಪ್ಲೈನಲ್ಲಿ ಎಷ್ಟೋ ಕಡೆ ಒಂದು ಸಾಕೆಟ್ ಕೊಡುವುದು 100 ಮಿಲಿಆಂಪ್ ಮಾತ್ರ. ವೆಂಟಿಲೇಟರ್ 12 ವೋಲ್ಟಿನದು. ಪೆಡಲಿನ ಹಿಂದೆ ಬರೆದಿರುವುದನ್ನು ಓದಿ, ಪ್ಲಸ್ ಮೈನಸ್ ಕೂಡ ನೋಡಿ, ಆಮೇಲೆ ಸಿಕ್ಕಿಸಿ.

ಸ್ಟೀರಿಯೋ ಬಗ್ಗೆ ನನಗಾದ ಒಂದು ಅನುಭವ ಹೇಳುತ್ತೇನೆ. ಒಂದು ಗಣೇಶೋತ್ಸವದ ಕಾರ್ಯಕ್ರಮ. ಮನೆಯಲ್ಲಿ ಎರಡು ಸ್ಪೀಕರಿಗೆ ಕೊಟ್ಟು ಎಷ್ಟೋ ದಿನ ಕೂತು ಸದ್ದು ಕಟ್ಟಿಕೊಂಡಿದ್ದೆ. ಪೆಂಡಾಲಿನಲ್ಲಿ ಪೆಡಲಿನ ಎಡ, ಬಲ ಎರಡೂ ತಂತಿ ಮಿಕ್ಸರಿಗೆ ಹೋದವು. ಅಲ್ಲಿ ಎರಡನ್ನೂ ನಡುವಿಗೆ ತಂದು ಸೇರಿಸಿಬಿಟ್ಟಿದ್ದರು. ಎಡದಲ್ಲಿ ಏರುವುದನ್ನು ಬಲದಲ್ಲಿ ಇಳಿಯುವುದು ನುಂಗಿತು. ಜೋರಿನ ವೇಗಕ್ಕೆ ಹೋದಾಗ ಗಿಟಾರ್ ದೂರದಿಂದ ಕೇಳಿಸುವ ಹಾಗಾಯಿತು. ಇಡೀ ಹಾಡು ಮುಗಿದರೂ ಕಾರಣ ಗೊತ್ತಾಗಲಿಲ್ಲ. ಬಹಳ ಬೇಜಾರಾಗಿತ್ತು. ನಮ್ಮಲ್ಲಿ ಹೆಚ್ಚಿನ ಸ್ಟೇಜ್‌ಗಳಲ್ಲಿ ಸೌಂಡ್ ಮೋನೋದಲ್ಲೇ, ಅಂದರೆ ಎಡ ಬಲ ಬೇರೆಯಿಲ್ಲದೆ ಒಂದಾಗಿಯೇ ಇರುತ್ತದೆ. ಅಲ್ಲಿ ಪೆಡಲಿನ ಮೋನೋ ಔಟ್‌ಪುಟ್ ಒಂದರಿಂದಲೇ ತಂತಿ ಎಳೆಯಿರಿ. ಮನೆಯಲ್ಲೂ ಒಂದು ಸಲ ಮೋನೋದಲ್ಲಿ ಕೇಳಿ ಸರಿ ಮಾಡಿಕೊಂಡು ಹೋಗಿ. ಜೊತೆಗೆ, ವೇಗದ ಸ್ವಿಚ್ ಬೋರ್ಡಿನ ಅಂಚಿನಲ್ಲಿ ಸುಲಭವಾಗಿ ಕಾಲಿಗೆ ಸಿಗುವ ಹಾಗಿರಲಿ. ಪೆಂಡಾಲು, ದೇವಸ್ಥಾನಗಳಲ್ಲಿ ನಾವು ಬರಿಗಾಲಲ್ಲಿ ನುಡಿಸುತ್ತೇವೆ. ಎರಡು ಸ್ವಿಚ್ ಹತ್ತಿರ ಇದ್ದರೆ ಕಾಲು ಎರಡನ್ನೂ ಒತ್ತುತ್ತದೆ.

ಈಗ ನುಡಿಸುವ ವಿಷಯಕ್ಕೆ ಬರೋಣ. ಪಲ್ಲವಿ ಜೋರಿನ ವೇಗದಲ್ಲಿ ಬೇಕು ಎಂದುಕೊಳ್ಳಿ. ಪಲ್ಲವಿಯ ಮೊದಲ ತಾಳಕ್ಕೆ ಸ್ವಿಚ್ ತುಳಿದರೆ ಡ್ರಮ್ ಓಟ ಹಿಡಿಯುವ ಹೊತ್ತಿಗೆ ಅರ್ಧ ಸಾಲು ಮುಗಿದಿರುತ್ತದೆ. ಎರಡು ಬಾರ್, ಅಂದರೆ ತಾಳದ ಎರಡು ಆವರ್ತ, ಮುಂಚೆಯೇ ತುಳಿಯಿರಿ. ವೇಗ ಏರುತ್ತಾ ಏರುತ್ತಾ ಪಲ್ಲವಿಯ ಬಾಗಿಲಿಗೆ ನಿಮ್ಮನ್ನು ಎತ್ತಿಕೊಂಡು ಹೋಗುತ್ತದೆ. ಸಾಲಿನ ಕೊನೆಯ ಸ್ವರ ಮೊಳಗುತ್ತಿರುವಾಗ ಮತ್ತೆ ತುಳಿದರೆ ನಿಧಾನವಾಗಿ ಕೆಳಗೆ ಇಳಿಸುತ್ತದೆ. ಪೂರ್ತಿ ಏರುವ ಮುಂಚೆಯೇ ಇನ್ನೊಮ್ಮೆ ತುಳಿದು ವಾಪಸ್ ತರಬಹುದು. ಒಳ್ಳೆಯ ಆರ್ಗನ್ ವಾದಕರ ಕೈ ಸ್ವಿಚ್ಚಿನ ಮೇಲೇ ಓಡಾಡುತ್ತಿರುತ್ತದೆ. ಯಂತ್ರವನ್ನು ಯಾವ ವೇಗದಲ್ಲೂ ಜಾಸ್ತಿ ಹೊತ್ತು ಕೂರುವುದಕ್ಕೆ ಬಿಡುವುದಿಲ್ಲ. ಹಾಡಿನುದ್ದಕ್ಕೂ ಜೋರಿನಲ್ಲೇ ಬಿಟ್ಟರೆ ಕಿವಿ ಎರಡೇ ನಿಮಿಷದಲ್ಲಿ ಅದನ್ನು ಕೇಳುವುದನ್ನು ಬಿಡುತ್ತದೆ.

ಎರಡು ಸ್ವರದ ಜೋಡಿಗಳು, ಕಾರ್ಡನ್ನು ಬಿಡಿಸಿ ಒಂದೊಂದೇ ತಂತಿ ಮೀಟುವುದು, ಖಾಲಿ ತಂತಿಗಳು ಮೊಳಗುವ ಕಾರ್ಡ್, ಇವಕ್ಕೆಲ್ಲ ರೋಟರಿ ಹೇಳಿ ಮಾಡಿಸಿದಂತೆ. ಸರಸರ ಓಡುವ ಸೋಲೋಗಳಿಗೆ ಬೇಡ. ತಿರುಗುವುದಕ್ಕೆ ಸ್ವರಕ್ಕೆ ಬಿಡುವು ಬೇಕು.

ಕೊನೆಯಲ್ಲಿ ಪ್ರಶ್ನೆಗಳು ಬಂದವು. ಕಾಲೇಜಿನ ಹುಡುಗನೊಬ್ಬ, "ಸರ್, ನನ್ನ ಹತ್ರ ಫೇಜರ್ ಮಾತ್ರ ಇದೆ. ಅದರಲ್ಲೇ ಏನಾದ್ರೂ ಆಗುತ್ತಾ?" ಎಂದು ಕೇಳಿದ. ಆಗುತ್ತದಪ್ಪಾ. ಫೇಜರ್ ಕೂಡ ಸದ್ದನ್ನು ಅಲೆಯ ಹಾಗೆ ಓಲಾಡಿಸುವ ಪೆಡಲ್ಲೇ. ಫೇಜರಿಗೆ ಎಕ್ಸ್‌ಪ್ರೆಷನ್ ಪೆಡಲ್ ಹಾಕುವ ಅನುಕೂಲ ಇದ್ದರೆ ವೇಗವನ್ನು ಕಾಲಿಗೆ ಕೊಡು. ನಿಧಾನವಾಗಿ ಒತ್ತು, ಅದಕ್ಕಿಂತ ನಿಧಾನವಾಗಿ ಬಿಡು. ಎರಡು ತೂಕ ಸಿಗುವುದಿಲ್ಲ, ಒಂದಂತೂ ಸಿಗುತ್ತದೆ. ಪೆಡಲ್ ಕೊಳ್ಳುವವರೆಗೆ ನಿನ್ನ ಕಾಲಿಗೆ ಅಭ್ಯಾಸ ಆಗಿರುತ್ತದೆ.

ವೀಣೆ ಕಲಿಯುತ್ತಿರುವ ಒಬ್ಬರು ಗಮಕಕ್ಕೂ ಇದಕ್ಕೂ ಹೊಂದಿಕೆಯಾಗುತ್ತದಾ ಎಂದು ಕೇಳಿದರು. ನಾನು ಬಹಳ ದಿನದಿಂದ ಯೋಚಿಸಿದ ವಿಷಯ ಅದು. ಜೋರಿನ ವೇಗದಲ್ಲಿ ಪೆಡಲೇ ಸ್ವರವನ್ನು ಜಗ್ಗುತ್ತಿರುತ್ತದೆ. ಅದರ ಮೇಲೆ ನಾವು ತಂತಿ ಎಳೆದು ಗಾಂಧಾರವನ್ನು ತೂಗಿದರೆ ಎರಡು ಓಲಾಟ ಒಂದಕ್ಕೊಂದು ಬಡಿದು ಸ್ವರ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ನಿಧಾನದ ವೇಗದಲ್ಲಿ ಆ ತೊಂದರೆ ಇಲ್ಲ. ಹಾಗಾಗಿ ಗಮಕ ಇರುವಷ್ಟು ಹೊತ್ತು ನಿಧಾನದಲ್ಲಿರಲಿ. ಷಡ್ಜಕ್ಕೆ ಬಂದು ನಿಂತ ಮೇಲೆ, ಬೆರಳು ಅಲ್ಲಾಡಿಸುವುದನ್ನು ನಿಲ್ಲಿಸಿ, ಆಮೇಲೆ ತುಳಿಯಿರಿ.

ಅವರಿಗಾಗಿ ಮೋಹನದಲ್ಲಿ ನಾಲ್ಕು ಸಾಲು ನುಡಿಸಿದೆ. ಷಡ್ಜಕ್ಕೆ ಬಂದು ನಿಂತು, ಸ್ವಿಚ್ ತುಳಿದು, ಕೈ ತೆಗೆದೆ. ಹಾರ್ನ್ ಓಡಿತು. ಡ್ರಮ್ ಅದರ ಹಿಂದೆ ಬಂತು. ಸ್ವರ ಕರಗುವ ಮುಂಚೆ ಇನ್ನೊಮ್ಮೆ ತುಳಿದೆ. ಎಲ್ಲರೂ ಸುಮ್ನೆ ಕೂತು, ಕೆಳಗಿನ ಆ ಸದ್ದು ನಿಧಾನವಾಗುವುದನ್ನು ಕೊನೆಯವರೆಗೂ ಕೇಳಿದರು.